ಟಿ.ವಿ. ಗಾಯನ ಸ್ಪರ್ಧೆಯ ಆಡಿಷನ್: ಗಡಿನಾಡಿನ ಹೆತ್ತವರು ತಿಳಿದಿರಬೇಕಾದದ್ದು

ಯಾವುದಾದರೂ ಕನ್ನಡ ವಾಹಿನಿ ಗಾಯನ ಸ್ಪರ್ಧೆಯ ಆಡಿಷನ್ ಪ್ರಕಟಿಸಿದ ವಾರ ಸಂಘಕ್ಕೆ ಫೋನ್ ಕರೆಗಳು ಜಾಸ್ತಿ. ಪುತ್ತಿಗೆ, ಸೀತಾಂಗೋಳಿ, ಬದಿಯಡ್ಕ, ಪೆರ್ಲ, ಉಪ್ಪಳ, ಮಂಜೇಶ್ವರ, ಎಲ್ಲಿಂದ ಬಂದರೂ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ನಮ್ಮ ಆಧಾರ್ ಕೇರಳದ್ದು, ಆಗ್ತದಾ?" "ಮಗಳು ಮಲಯಾಳ ಮೀಡಿಯಂ, ತೊಂದರೆ ಉಂಟಾ?" "ಹಣ ಕಟ್ಟಲಿಕ್ಕೆ ಉಂಟಾ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಹೇಳುವುದಕ್ಕಿಂತ, ಗೊತ್ತಿರುವುದನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದೆಂದು ಕಂಡಿತು. ಸದಸ್ಯರು ಇದನ್ನು ಉಳಿಸಿಕೊಂಡು ಬೇಕಾದಾಗ ನೋಡಿಕೊಳ್ಳಬಹುದು.

ಮೊದಲು ಸ್ವಲ್ಪ ಹಿನ್ನೆಲೆ

ಹಿಂದಿಯ ಝೀ ಟಿ.ವಿ.ಯಲ್ಲಿ 1995ರಲ್ಲಿ 'ಸರೆಗಮ' ಆರಂಭವಾಯಿತು. ಆಗ ನಿರೂಪಕರಾಗಿದ್ದವರು ಸೋನು ನಿಗಮ್. ಮರುವರ್ಷ ತೆಲುಗಿನ ಈಟಿವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 'ಪಾಡುತಾ ತೀಯಗಾ' ನಡೆಸತೊಡಗಿದರು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂದ ಮೇಲೆ ಅದೇ ಬಗೆಯ ಕಾರ್ಯಕ್ರಮವನ್ನು ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ಎಂಬ ಹೆಸರಿನಲ್ಲಿ ಅವರೇ ನಡೆಸಿಕೊಟ್ಟರು. ಹಾಡು ಬರೆದವರು ಯಾರು, ಸ್ವರ ಹಾಕಿದವರು ಯಾರು ಎಂದು ಹೇಳಿ, ಉಚ್ಚಾರ ತಪ್ಪಿದ್ದರೆ ಮಗುವಿನ ಮನಸ್ಸು ನೋಯದ ಹಾಗೆ ತಿದ್ದುವ ಅವರ ಕ್ರಮವನ್ನು ನಮ್ಮಲ್ಲಿ ಹಲವರು ಮರೆತಿಲ್ಲ. 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ಈಟಿವಿ ಕನ್ನಡ ಅಷ್ಟರಲ್ಲಿ ಕಲರ್ಸ್ ಕನ್ನಡವಾಗಿತ್ತು. ಅದರಲ್ಲಿ 2021ರಲ್ಲಿ ಅದೇ ಹೆಸರಿನ ಕಾರ್ಯಕ್ರಮ ಮತ್ತೊಮ್ಮೆ ಬಂತು.

ಝೀ ಕನ್ನಡದ 'ಸರಿಗಮಪ'ವನ್ನು ವಿವರಿಸುವ ಅಗತ್ಯ ಇಲ್ಲ. ಹಂಸಲೇಖ, ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ ಇವರ ಮುಖ ನಮ್ಮ ಮಕ್ಕಳಿಗೆ ನೆರೆಮನೆಯವರಷ್ಟೇ ಪರಿಚಯ. ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಇದರಲ್ಲಿ ಎರಡನೇ ಸ್ಥಾನದವರೆಗೆ ಹೋದದ್ದು 2018-19ರ ಆವೃತ್ತಿಯಲ್ಲಿ. ಮಲಯಾಳದಲ್ಲಿ ಏಷ್ಯಾನೆಟ್‌ನ 'ಸ್ಟಾರ್ ಸಿಂಗರ್', ಮಕ್ಕಳಿಗೆ ಫ್ಲವರ್ಸ್ ವಾಹಿನಿಯ 'ಟಾಪ್ ಸಿಂಗರ್' ಇವೆ. ಎರಡು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಎರಡು ಕಡೆಯ ಬಾಗಿಲೂ ತೆರೆದಿದೆ. ಮಲಯಾಳ ವಾಹಿನಿಗೆ ಹೋದವರನ್ನು 'ಕನ್ನಡ ಬಿಟ್ಟರು' ಎಂದು ಆಡಿಕೊಳ್ಳುವವರು ನಮ್ಮಲ್ಲಿದ್ದಾರೆ. ಆ ಮಾತು ನನಗೆ ಒಪ್ಪಿಗೆ ಇಲ್ಲ.

ಆಕಾಶವಾಣಿಯ ಪರೀಕ್ಷೆ, ಟಿ.ವಿ.ಯ ಪರೀಕ್ಷೆ

ನಮ್ಮ ಕಾಲದಲ್ಲಿ ಆಡಿಷನ್ ಎಂದರೆ ಆಕಾಶವಾಣಿಯ ಧ್ವನಿ ಪರೀಕ್ಷೆ. ದೇಶಮಟ್ಟದಲ್ಲಿ ಅದು ವ್ಯವಸ್ಥಿತವಾಗಿ ಬಂದದ್ದು 1952ರಲ್ಲಿ, ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ. ಮಂಗಳೂರು ನಿಲಯ 1976ರಲ್ಲಿ ಶುರುವಾದ ಮೇಲೆ ನಮ್ಮ ಕಡೆಯ ಸುಗಮ ಸಂಗೀತದವರು ಅಲ್ಲಿಗೆ ಹೋಗತೊಡಗಿದರು. ಅಲ್ಲಿ ಅಳೆಯುವುದು ಧ್ವನಿಯನ್ನು ಮಾತ್ರ. ಮುಖ, ಬಟ್ಟೆ, ಮನೆಯ ಕಥೆ ಲೆಕ್ಕಕ್ಕಿಲ್ಲ. ಪಾಸಾದರೆ ಬಿ, ಬಿ ಹೈ, ಎ, ಟಾಪ್ ಎಂದು ದರ್ಜೆ ಸಿಗುತ್ತದೆ, ಫೇಲಾದರೆ ಮತ್ತೆ ಅಭ್ಯಾಸ ಮಾಡಿ ಹೋಗಬಹುದು.

ಟಿ.ವಿ.ಯವರು ಹುಡುಕುವುದು ಒಂದು ಕಾರ್ಯಕ್ರಮಕ್ಕೆ ಬೇಕಾದ ಹದಿನೈದು ಇಪ್ಪತ್ತು ಮಂದಿಯನ್ನು. ಒಬ್ಬ ಜಾನಪದದವ, ಒಬ್ಬಳು ಶಾಸ್ತ್ರೀಯದವಳು, ಒಬ್ಬ ಚೂಟಿ ಮಾತಿನ ಹುಡುಗ, ಬೇರೆ ಬೇರೆ ಜಿಲ್ಲೆಯವರು, ಹೀಗೆ ಒಂದು ಜೋಡಣೆ ಆಗಬೇಕು. ಹಾಗಾಗಿ ಚೆನ್ನಾಗಿ ಹಾಡಿದವರೂ ಹೊರಗೆ ಉಳಿಯುತ್ತಾರೆ. ಈ ಒಂದು ಮಾತನ್ನು ಮಗುವಿಗೆ ಹೋಗುವ ಮುಂಚೆಯೇ ಹೇಳಿ. ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ, ಮಗು ನಂಬುವುದಿಲ್ಲ.

ಆ ದಿನ ಏನು ನಡೆಯುತ್ತದೆ

ಕ್ರಮ ವಾಹಿನಿಯಿಂದ ವಾಹಿನಿಗೆ ಬದಲಾದರೂ ಸಾಮಾನ್ಯವಾಗಿ ಹೀಗೆ. ಕೆಲವರು ಮೊದಲು ಮೊಬೈಲಿನಲ್ಲಿ ತೆಗೆದ ವೀಡಿಯೊ ಕೇಳುತ್ತಾರೆ. ಅದಕ್ಕೆ ಸಂಗೀತ ಸೇರಿಸಬೇಡಿ, ಧ್ವನಿ ತಿದ್ದುವ ಆ್ಯಪ್ ಬಳಸಬೇಡಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮುಖದ ಎದುರಿನಿಂದ ಬೆಳಕು ಬೀಳುವಲ್ಲಿ ನಿಲ್ಲಿಸಿ ತೆಗೆದರೆ ಸಾಕು. ನೇರ ಆಡಿಷನ್ ಆದರೆ ನಮಗೆ ಹತ್ತಿರದ್ದು ಮಂಗಳೂರು. ಬೆಳಿಗ್ಗೆಯೇ ಹೋಗಿ ನಮೂನೆ ತುಂಬಿ ನಂಬ್ರ ಪಡೆಯಬೇಕು. ಆಮೇಲೆ ಕಾಯುವುದೇ ದೊಡ್ಡ ಕೆಲಸ. ಟಿ.ವಿ.ಯಲ್ಲಿ ಕಾಣುವ ತೀರ್ಪುಗಾರರು ಮೊದಲ ಸುತ್ತಿನಲ್ಲಿ ಇರುವುದಿಲ್ಲ, ಕೇಳುವವರು ವಾಹಿನಿಯ ಸಂಗೀತ ತಂಡದವರು. ವಾದ್ಯ ಇಲ್ಲದೆ ಹಾಡಬೇಕು. ಒಂದು ಪಲ್ಲವಿ ಮುಗಿಯುವ ಮೊದಲೇ 'ಸಾಕು, ಇನ್ನೊಂದು ಹಾಡಿ' ಎನ್ನಬಹುದು. ಅದು ಕೆಟ್ಟ ಸೂಚನೆ ಅಲ್ಲ. ದಾಟಿದವರನ್ನು ಮುಂದಿನ ಸುತ್ತಿಗೆ, ಹೆಚ್ಚಾಗಿ ಬೆಂಗಳೂರಿಗೆ, ಕರೆಯುತ್ತಾರೆ. ಕ್ಯಾಮೆರಾ ಎದುರಿನ ಆಡಿಷನ್ ಅಲ್ಲಿ.

ಕೆಲವು ವರ್ಷದ ಹಿಂದೆ ನಮ್ಮ ಸದಸ್ಯರೊಬ್ಬರ ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಅವಳ ತಂದೆ ಗಲ್ಫಿನಲ್ಲಿದ್ದರು, ತಾಯಿಗೆ ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ. ಕುಂಬಳೆಯಲ್ಲಿ ಬೆಳಗ್ಗಿನ ರೈಲು ಹತ್ತಿ ಹೋದೆವು. ಸರದಿ ಬಂದದ್ದು ಸಂಜೆ ನಾಲ್ಕಕ್ಕೆ. ಮಧ್ಯಾಹ್ನದವರೆಗೆ ಅವಳು ಹಾಡನ್ನು ಗುನುಗುತ್ತಲೇ ಇದ್ದಳು, ಅದು ನನ್ನದೇ ತಪ್ಪು, ಬೇಡ ಎನ್ನಬೇಕಿತ್ತು. ಒಳಗೆ ಹೋದಾಗ ಗಂಟಲು ಒಣಗಿತ್ತು. ನಮೂನೆ ನೋಡಿದವರೊಬ್ಬರು "ಕೇರಳದವಳಾ? ಕನ್ನಡ ಬರ್ತದಾ?" ಎಂದು ಕೇಳಿದರಂತೆ. ಮಗು ಅದಕ್ಕೆ ಉತ್ತರವನ್ನೇ ಕೊಡದೆ ಹಾಡಿ ಬಂತು. ಆಯ್ಕೆಯಾಗಲಿಲ್ಲ. ರೈಲಿನಲ್ಲಿ ಬರುವಾಗ ಹೊಸಂಗಡಿ ದಾಟುವವರೆಗೆ ಸುಮ್ಮನಿದ್ದವಳು, "ಮಾಮ, ನಾನು ಕನ್ನಡದವಳೆಂದು ಹೇಳಬೇಕಿತ್ತಲ್ಲ" ಎಂದಳು. ಹಾಡು ಹೋದದ್ದಕ್ಕಿಂತ ಅದೇ ಅವಳಿಗೆ ಬೇಸರ. ಕೇಳಿದವರಲ್ಲಿ ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಇದೆ ಎಂಬುದು ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಆದ್ದರಿಂದ ಎರಡು ವಾಕ್ಯದ ಪರಿಚಯವನ್ನು ಮಗುವಿಗೆ ಮೊದಲೇ ಕಲಿಸಿ: ಹೆಸರು, ಊರು, ಕಾಸರಗೋಡಿನ ಕನ್ನಡಿಗರ ಮನೆ, ಕಲಿಯುವ ತರಗತಿ. ಇಷ್ಟು ಸಾಕು, ಭಾಷಣ ಬೇಡ.

ಹಾಡು ಮತ್ತು ಕನ್ನಡ

ಶ್ರುತಿಯನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳಿ. ಹಾರ್ಮೋನಿಯಂನ ಕಪ್ಪು ಎರಡೋ ಬಿಳಿ ಐದೋ, ಮಗುವಿನ ಮಂದ್ರವೂ ತಾರವೂ ಸಲೀಸಾಗಿ ನಿಲ್ಲುವುದು ಯಾವುದರಲ್ಲಿ ಎಂದು ಗುರುಗಳಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮೊಬೈಲಿನ ತಂಬೂರ ಆ್ಯಪ್‌ನಲ್ಲಿ ಶ್ರುತಿ ಕೇಳಿಸಿಕೊಂಡು ಒಳಗೆ ಹೋಗಲಿ. ಮೂರು ಹಾಡು ಸಿದ್ಧ ಇರಲಿ, ಮೂರೂ ಬೇರೆ ಬೇರೆ ಸ್ವಭಾವದವು. ಮೈಸೂರು ಅನಂತಸ್ವಾಮಿ ಅಥವಾ ಸಿ. ಅಶ್ವತ್ಥ್ ಸಂಯೋಜನೆಯ ಒಂದು ಭಾವಗೀತೆ, ಒಂದು ಹಳೆಯ ಚಿತ್ರಗೀತೆ, ಒಂದು ಜಾನಪದ ಅಥವಾ ದಾಸರ ಪದ ಆದರೆ ಒಳ್ಳೆಯ ಜೋಡಿ. ವಾದ್ಯದ ಅಬ್ಬರದಿಂದಲೇ ನಿಲ್ಲುವ ಹೊಸ ಹಾಡುಗಳು ಬರಿಗಂಟಲಿಗೆ ಬಡವಾಗಿ ಕೇಳುತ್ತವೆ.

ಯಕ್ಷಗಾನ ಭಾಗವತಿಕೆ ಕಲಿಯುವ ಹುಡುಗರಿಗೆ ಒಂದು ವಿಶೇಷ ಸೂಚನೆ. ತೆಂಕುತಿಟ್ಟಿನ ಪದ್ಯ ಏರು ಶ್ರುತಿಯದ್ದು, ಚೆಂಡೆಯ ನಾದದ ಮೇಲೆ ಕೇಳಬೇಕಾದದ್ದು. ಅದೇ ಎತ್ತುಗಡೆಯಲ್ಲಿ ಸಣ್ಣ ಕೋಣೆಯ ಮೈಕಿನ ಎದುರು ಚಿತ್ರಗೀತೆ ಹಾಡಿದರೆ ಕಿರುಚಿದಂತಾಗುತ್ತದೆ. ಹಾಗೆಂದು ಆ ವಿದ್ಯೆಯನ್ನು ಅಡಗಿಸಬೇಕಾಗಿಲ್ಲ. 'ಬೇರೆ ಏನಾದರೂ ಬರ್ತದಾ' ಎಂದು ಕೇಳಿದಾಗ ಒಂದು ಯಕ್ಷಗಾನದ ಪದ್ಯ ಹಾಡಿದರೆ ಅಂಥದ್ದು ಆ ಸಾಲಿನಲ್ಲಿ ಇನ್ನೊಬ್ಬರಲ್ಲಿ ಇರಲಾರದು. ಪುತ್ತಿಗೆ ರಘುರಾಮ ಹೊಳ್ಳರು ಈ ಊರಿನ ಹೆಸರನ್ನು ಹೊತ್ತುಕೊಂಡು ಧರ್ಮಸ್ಥಳ ಮೇಳದಲ್ಲಿ ಹಾಡಿದವರು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು ಇದೇ ಕಾಸರಗೋಡಿನ ಪಡ್ರೆಯಲ್ಲಿ. ಅವರನ್ನು ಪರೀಕ್ಷಿಸಿದ್ದು ರಾತ್ರಿಯಿಡೀ ಕುಳಿತು ಕೇಳಿದ ಜನ.

ಉಚ್ಚಾರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯಲ್ಲಿ ತುಳು, ಹವ್ಯಕ, ಕರಾಡ, ಕೊಂಕಣಿ, ಬ್ಯಾರಿ, ಮಲಯಾಳ ಏನೇ ಆಡಿದರೂ ಕನ್ನಡ ಹಾಡಿಗೆ ಅದು ಅಡ್ಡಿಯಲ್ಲ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್ಪಿಬಿ ತೆಲುಗಿನವರು, ವಾಣಿ ಜಯರಾಂ ತಮಿಳಿನವರು, ಯೇಸುದಾಸ್, ಚಿತ್ರಾ ಮಲಯಾಳದವರು. ಕನ್ನಡ ಚಿತ್ರಗೀತೆಗಳನ್ನು ನಮಗೆ ಕೇಳಿಸಿದವರೇ ಅವರು. ಆದರೆ ಅವರೆಲ್ಲ ಸಾಹಿತ್ಯವನ್ನು ಬಿಡಿಸಿ ಕಲಿತರು. ನಮ್ಮ ಮಕ್ಕಳಲ್ಲಿ ನಾನು ಗಮನಿಸಿದ ತೊಡಕು ಮುಖ್ಯವಾಗಿ ಎರಡು. ಒಂದು, ಮಹಾಪ್ರಾಣ ಬಿಡುವುದು, 'ಧನ' ಹೋಗಿ 'ದನ' ಆಗುವುದು. ಇನ್ನೊಂದು, ಮಲಯಾಳ ಮೀಡಿಯಂನ ಮಕ್ಕಳು ಪದದ ಕೊನೆಯ 'ಉ'ಕಾರವನ್ನು ಮಲಯಾಳದ ಅರೆ ಉಕಾರದ ಹಾಗೆ ನುಂಗುವುದು. 'ನಾನು', 'ಬಂದು', 'ಕಂಡು' ಎಂಬಲ್ಲಿ ತುಟಿ ದುಂಡಾಗಬೇಕು. ಬೆಂಗಳೂರಿನ ಕೆಲವು ಮಕ್ಕಳಿಗೆ ಕಷ್ಟವಾಗುವ 'ಳ'ಕಾರ ನಮ್ಮವರಿಗೆ ಹುಟ್ಟಿನಿಂದಲೇ ಬಂದಿದೆ, 'ಹ'ಕಾರವನ್ನು ನಾವು ನುಂಗುವುದಿಲ್ಲ. ಅಷ್ಟು ಹೆಮ್ಮೆ ಪಡಬಹುದು.

ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿಯುವುದನ್ನು ದಯವಿಟ್ಟು ನಿಲ್ಲಿಸಿ. ಅದರಲ್ಲಿ 'ಲ', 'ಳ' ಒಂದೇ, 'ದ', 'ಡ' ಒಂದೇ. ಮಗು ತನ್ನ ಕೈಯಲ್ಲೇ ಕನ್ನಡದಲ್ಲಿ ಬರೆಯಲಿ. ಬರೆಯಲು ಬಾರದಿದ್ದರೆ ಅಕ್ಷರ ಕಲಿಸಲು ಇದೊಂದು ಒಳ್ಳೆಯ ನೆಪ. ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಕಂಠಪಾಠ, ಕನ್ನಡ ಭಾಷಣ ಇವೆಯಲ್ಲ, ಅದಕ್ಕೆ ಸೇರಿದ ಮಕ್ಕಳಿಗೆ ಈ ತೊಂದರೆ ಕಡಿಮೆ ಇರುವುದನ್ನು ನೋಡಿದ್ದೇನೆ.

ಕಾಗದ ಪತ್ರ, ಹಣ, ಕಾನೂನು

ಕಡತಗಳ ನಡುವೆಯೇ ಉದ್ಯೋಗ ಮುಗಿಸಿದವನಾದ್ದರಿಂದ ಈ ಭಾಗದಲ್ಲಿ ಸ್ವಲ್ಪ ಉದ್ದ ಹೇಳಿದರೆ ಕ್ಷಮಿಸಬೇಕು. ವಿಳಾಸ ಕೇರಳದ್ದೆಂದು ಹಿಂಜರಿಯಬೇಡಿ, ಆದರೆ ಆ ವರ್ಷದ ಪ್ರಕಟಣೆಯ ನಿಯಮ, ಮುಖ್ಯವಾಗಿ ವಯಸ್ಸಿನ ಮಿತಿ, ಓದಿಯೇ ಹೊರಡಿ. ನಮ್ಮ ಆಧಾರ್‌ನಲ್ಲಿ ಹೆಸರು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ, ಶಾಲಾ ದಾಖಲೆಯಲ್ಲಿ ಇನ್ನೊಂದು ತರ ಇರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಎರಡರಲ್ಲೂ ಒಂದೇ ಇದೆಯೋ ನೋಡಿ. ಜನನ ಪ್ರಮಾಣಪತ್ರದ ನಕಲು, ಎರಡು ಫೋಟೊ ಜೊತೆಗಿರಲಿ. ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ.

ಆಡಿಷನ್‌ಗೆ, ಆಯ್ಕೆಗೆ, 'ನೇರ ಎರಡನೇ ಸುತ್ತಿಗೆ' ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ವಾಟ್ಸಪ್‌ನಲ್ಲಿ ಬಂದ ಪೋಸ್ಟರನ್ನು ವಾಹಿನಿಯಲ್ಲೇ ಬರುವ ಪ್ರಕಟಣೆಯೊಂದಿಗೆ ತಾಳೆ ನೋಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಅದೇ ಸಂಖ್ಯೆ.

ಮಗು ಆಯ್ಕೆಯಾದ ಸಂತೋಷದಲ್ಲಿ ಕರಾರಿಗೆ ಕಣ್ಣುಮುಚ್ಚಿ ಸಹಿ ಹಾಕುವ ಹೆತ್ತವರೇ ಹೆಚ್ಚು. ಎಷ್ಟು ಕಾಲ ಬೇರೆ ವಾಹಿನಿಯಲ್ಲಿ ಹಾಡಬಾರದು, ದೇವಸ್ಥಾನದ ಜಾತ್ರೆಯಲ್ಲೋ ಸಂಘದ ವೇದಿಕೆಯಲ್ಲೋ ಹಾಡಲು ಒಪ್ಪಿಗೆ ಬೇಕೋ, ಪ್ರಯಾಣ ಮತ್ತು ವಸತಿಯ ಖರ್ಚು ಯಾರದ್ದು, ಇಷ್ಟನ್ನಾದರೂ ಓದಿ. ಒಂದು ಪ್ರತಿ ಕೇಳಿ ಪಡೆಯಿರಿ. ಪರಿಚಯದ ವಕೀಲರಿಗೆ ತೋರಿಸಲು ಎರಡು ದಿನ ಕೇಳಿದರೆ ಯಾರೂ ಮಗುವನ್ನು ಹೊರಗೆ ಹಾಕುವುದಿಲ್ಲ. ಹಾಕುವವರಾದರೆ ಅಂಥಲ್ಲಿಗೆ ಹೋಗದಿರುವುದೇ ಲೇಸು.

ಹದಿನಾಲ್ಕು ತುಂಬದ ಮಕ್ಕಳಿಗೆ ಕಾನೂನಿನ ರಕ್ಷಣೆ ಇದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ಅದರ ನಿಯಮಗಳು ಬಂದವು. ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. 27 ದಿನಕ್ಕಿಂತ ಹೆಚ್ಚು ನಿರಂತರವಾಗಿ ತೊಡಗಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಇರಬೇಕು. ಶಾಲೆ ತಪ್ಪಬಾರದು. ಮಗುವಿನ ಗಳಿಕೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿರಖು ಠೇವಣಿಯಾಗಬೇಕು. ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯಿಸುವಂತಿಲ್ಲ. ಅನುಮತಿ ಪಡೆಯಬೇಕಾದದ್ದು ನಿರ್ಮಾಪಕರು, ಅದೂ ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ. ನೀವು ಕಾಸರಗೋಡಿನ ಕಲೆಕ್ಟರೇಟಿಗೆ ಓಡಬೇಕಾಗಿಲ್ಲ. 'ಅನುಮತಿ ಪಡೆದಿದ್ದೀರಾ' ಎಂದು ಕೇಳುವ ಹಕ್ಕು ಮಾತ್ರ ನಿಮ್ಮದು, ಕೇಳಿ.

ಇಂಥ ನಿಯಮ ಸುಮ್ಮನೆ ಬಂದದ್ದಲ್ಲ. 2008ರಲ್ಲಿ ಕೋಲ್ಕತ್ತಾದ ಹದಿನಾರರ ಬಾಲಕಿಯೊಬ್ಬಳು ಟಿ.ವಿ. ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಿಂದ ಗದರಿಸಿಕೊಂಡ ಬಳಿಕ ಮಾತು ಕಳೆದುಕೊಂಡಳೆಂದು ಮನೆಯವರು ಹೇಳಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅವಳನ್ನು ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ತಂದಿದ್ದರು. ಕಾರಣ ಏನೇ ಇರಲಿ, ಎಷ್ಟು ಭಾರವನ್ನು ಮಗುವಿನ ತಲೆಯ ಮೇಲೆ ಇಡುತ್ತೇವೆ ಎಂದು ನಾವು ಯೋಚಿಸಬೇಕು. ಆಡಿಷನ್‌ಗೆ ಹೋಗುವುದನ್ನು ಫ್ಲೆಕ್ಸ್ ಹಾಕಿ ಊರಿಗೆಲ್ಲ ಸಾರುವುದು ಬೇಡ ಎಂದು ನಾನು ಹೇಳುವುದು ಅದಕ್ಕೇ. ಸಂಘದ ಪುಟದಲ್ಲಿಯೂ ಆಯ್ಕೆಯಾದ ಮೇಲೆ ಮಾತ್ರ ಹಾಕೋಣ.

ಮೇಲೆ ಹೇಳಿದ ಹುಡುಗಿ ಈಗ ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ, ಊರಿಗೆ ಬಂದಾಗ ಭಜನೆಗೆ ಹಾಡುತ್ತಾಳೆ. ಈ ಲೇಖನದ ಉಚ್ಚಾರದ ಭಾಗವನ್ನು ಅವಳಿಗೆ ಓದಿ ಹೇಳಿದೆ. 'ಉ'ಕಾರದ ವಿಷಯ ಸೇರಿಸಲು ಹೇಳಿದ್ದು ಅವಳೇ.

ನಮೂನೆ ತುಂಬಲು, ಕರಾರು ಓದಲು ಸಹಾಯ ಬೇಕಾದ ಸದಸ್ಯರು ಕಚೇರಿಯಲ್ಲಿ ನನ್ನನ್ನು ಕಾಣಬಹುದು. ಮಗುವನ್ನು ಜೊತೆಗೆ ಕರೆತನ್ನಿ, ಆಧಾರ್ ನಕಲು ಮರೆಯಬೇಡಿ.

– ಕಾರ್ಯದರ್ಶಿ