ಸಾರತೈಲ ಮತ್ತು ಯೂಕಲಿಪ್ಟಸ್ ವರ್ಗೀಕರಣ: ಇತಿಹಾಸ

ನೋಟಕ್ಕೆ ಒಂದೇ ತೆರನಾದ ಸಸ್ಯಗಳನ್ನು ಅವುಗಳ ಸಾರತೈಲದ ಘಟಕಗಳ ಆಧಾರದಿಂದ ವಿಂಗಡಿಸುವುದು ರಾಸಾಯನಿಕ ವರ್ಗೀಕರಣದ ಒಂದು ಶಾಖೆ. ಇದರ ಆರಂಭದ ದೊಡ್ಡ ಪ್ರಯೋಗ ನಡೆದದ್ದು ಆಸ್ಟ್ರೇಲಿಯಾದ ಯೂಕಲಿಪ್ಟಸ್, ಅಂದರೆ ಕನ್ನಡಿಗರು ನೀಲಗಿರಿ ಎನ್ನುವ ಮರಗಳ ಮೇಲೆ. 1852ರ ಹೊತ್ತಿಗೆ ಜೋಸೆಫ್ ಬೊಸಿಸ್ಟೊ ವಿಕ್ಟೋರಿಯಾದಲ್ಲಿ ಎಣ್ಣೆ ಬಟ್ಟಿ ಇಳಿಸತೊಡಗಿದ್ದರು. 1870ರಲ್ಲಿ ಫ್ರಾನ್ಸಿನ ಕ್ಲೊಯೆ ಅದರ ಮುಖ್ಯ ಘಟಕಕ್ಕೆ ಯೂಕಲಿಪ್ಟಾಲ್ (ಸಿನಿಯೋಲ್) ಎಂದು ಹೆಸರಿಟ್ಟರು. ಆದರೆ ಎಣ್ಣೆಯಿಂದ ಮರವನ್ನು ಗುರುತಿಸುವ ಯೋಚನೆ ಬಲಗೊಂಡದ್ದು ಸಿಡ್ನಿಯ ಟೆಕ್ನಾಲಜಿಕಲ್ ಮ್ಯೂಸಿಯಂನಲ್ಲಿ.

ಅಲ್ಲಿನ ಸಸ್ಯವಿಜ್ಞಾನಿ ರಿಚರ್ಡ್ ಬೇಕರ್ ಮತ್ತು ರಸಾಯನವಿಜ್ಞಾನಿ ಹೆನ್ರಿ ಸ್ಮಿತ್ 1902ರಲ್ಲಿ ಯೂಕಲಿಪ್ಟಸ್ ತೈಲಗಳ ಕುರಿತ ಬೃಹತ್ ಗ್ರಂಥ ಹೊರತಂದರು. 1920ರಲ್ಲಿ ಅದು ಪರಿಷ್ಕರಣಗೊಂಡಿತು. ಎಲೆ, ಎಳೆರೆಂಬೆಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ, ಬಂದ ಎಣ್ಣೆಯ ಸಾಂದ್ರತೆ, ಬೆಳಕನ್ನು ತಿರುಗಿಸುವ ಗುಣ, ಮದ್ಯಸಾರದಲ್ಲಿ ಕರಗುವ ಪ್ರಮಾಣ ಇವನ್ನೆಲ್ಲ ಅಳೆಯುತ್ತಿದ್ದರು. ಎಲೆಯ ನರಗಳಿಗೂ ಎಣ್ಣೆಗೂ ನಂಟಿದೆ ಎಂಬುದು ಅವರ ವಾದ: ನರಗಳು ಗರಿಯಂತೆ ಒತ್ತೊತ್ತಾಗಿದ್ದರೆ ಪೈನೀನ್ ಹೆಚ್ಚು, ಚಿಟ್ಟೆಯ ರೆಕ್ಕೆಯಂತೆ ಹರಡಿದ್ದರೆ ಫೆಲಾಂಡ್ರೀನ್, ಪೈಪೆರಿಟೋನ್. ಒಂದು ಪ್ರಭೇದದ ಎಣ್ಣೆ ಎಲ್ಲಿ ಬೆಳೆದರೂ ಬಹುತೇಕ ಬದಲಾಗದು ಎಂದು ನಂಬಿ, ಎಣ್ಣೆಯ ವ್ಯತ್ಯಾಸಕ್ಕೇ ತೂಕ ಕೊಟ್ಟು ಹೊಸ ಪ್ರಭೇದಗಳನ್ನು ಹೆಸರಿಸಿದರು. ಸಿನಿಯೋಲ್ ಹೆಚ್ಚಿರುವ ಯೂ. ಆಸ್ಟ್ರೇಲಿಯಾನಾ, ಫೆಲಾಂಡ್ರೀನ್ ಹೆಚ್ಚಿರುವ ಯೂ. ಫೆಲಾಂಡ್ರಾ ಇಂಥವು. ಇವೆರಡೂ ಈಗ ಯೂ. ರೇಡಿಯಾಟಾದಲ್ಲಿ ಲೀನ. ಹಳೆಯ ಕೋಷ್ಟಕಗಳಲ್ಲಿ ಮೂರೂ ಹೆಸರು ಬೇರೆಬೇರೆಯಾಗಿ ಉಳಿದಿರುವುದರಿಂದ ಅಂಕಿಅಂಶ ಹೋಲಿಸುವಾಗ ಎಚ್ಚರ ಬೇಕು.

ಈ ನಂಬಿಕೆಗೆ ಪೆಟ್ಟು ಬಿದ್ದದ್ದು ಅದೇ ಮ್ಯೂಸಿಯಂನಿಂದ. 1927ರಲ್ಲಿ ಆರ್ಥರ್ ಪೆನ್‌ಫೋಲ್ಡ್ ಮತ್ತು ಎಫ್. ಆರ್. ಮಾರಿಸನ್ ಅಗಲ ಎಲೆಯ ಪೆಪ್ಪರ್‌ಮಿಂಟ್ ಮರ ಯೂ. ಡೈವ್ಸ್‌ನ ಎಣ್ಣೆಯಲ್ಲಿ ಹಲವು ಬಗೆಗಳಿವೆ ಎಂದು ತೋರಿಸಿದರು. ಕೆಲವು ಮರಗಳಲ್ಲಿ ಪೈಪೆರಿಟೋನ್ ಶೇ. 40ರಿಂದ 50, ಇನ್ನು ಕೆಲವಲ್ಲಿ ಅದು ಅತ್ಯಲ್ಪ, ಬದಲಿಗೆ ಸಿನಿಯೋಲೇ ಪ್ರಧಾನ. ನೋಡಿದರೆ ಎರಡರಲ್ಲೂ ಎಳ್ಳಷ್ಟೂ ಭೇದವಿಲ್ಲ. ಇವನ್ನು ಮೊದಲು ಶಾರೀರಿಕ ರೂಪಗಳು ಎಂದರು. ಇಂದಿನ ಬಳಕೆಯಲ್ಲಿ ಕೀಮೋಟೈಪ್.

1927ರೊಂದಿಗೆ ವಿಧಾನವೇ ಮುಗಿದಂತೆ ಬರೆಯುವುದುಂಟು, ಅದು ಸರಿಯಲ್ಲ. ಬಿದ್ದದ್ದು ಒಂದು ಪ್ರಭೇದಕ್ಕೆ ಒಂದೇ ಎಣ್ಣೆ ಎಂಬ ಸೂತ್ರ ಮಾತ್ರ. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ರೂಪಿಸಿದ ಅನಿಲ ಕ್ರೊಮ್ಯಾಟೋಗ್ರಫಿ ಬಂದಮೇಲೆ ಮೂಟೆಗಟ್ಟಲೆ ಎಲೆ ಬೇಕಾಗಲಿಲ್ಲ. ಒಂದೊಂದೇ ಮರವನ್ನು ಪರೀಕ್ಷಿಸಿ ಇಡೀ ಸಮುದಾಯವನ್ನು ಅಳೆಯುವುದು ಸಾಧ್ಯವಾಯಿತು. ಇದರ ಫಲ ಚೆನ್ನಾಗಿ ಕಂಡದ್ದು ಅಮೆರಿಕದ ಜೂನಿಪರ್ ಮರಗಳಲ್ಲಿ. ಜೂ. ವರ್ಜಿನಿಯಾನಾಕ್ಕೆ ಜೂ. ಆಷೆಯ ಬೆರಕೆ ದೂರದವರೆಗೆ ಹಬ್ಬಿದೆ ಎಂಬ ಅಭಿಪ್ರಾಯವಿತ್ತು. 1969ರಲ್ಲಿ ಫ್ಲೇಕ್, ಫಾನ್ ರೂಡ್‌ಲಾಫ್, ಟರ್ನರ್ ಟೆಕ್ಸಾಸ್‌ನಿಂದ ವಾಷಿಂಗ್ಟನ್ ಡಿ.ಸಿ.ವರೆಗಿನ ಮರಗಳ ಎಣ್ಣೆಯಲ್ಲಿನ ಟರ್ಪೀನ್ ಎಂಬ ಘಟಕಗಳನ್ನು ಅಳೆದು, ಅದು ಬೆರಕೆಯಲ್ಲ, ಪ್ರದೇಶದಿಂದ ಪ್ರದೇಶಕ್ಕೆ ಕ್ರಮೇಣ ಆಗುವ ಬದಲಾವಣೆ ಎಂದು ನಿರೂಪಿಸಿದರು.

2014ರಲ್ಲಿ ಪ್ರಕಟವಾದ ಯೂ. ಗ್ರ್ಯಾಂಡಿಸ್ ಜೀನೋಮಿನಲ್ಲಿ ಟರ್ಪೀನ್ ತಯಾರಿಸುವ ಕಿಣ್ವಗಳ ನೂರಕ್ಕೂ ಹೆಚ್ಚು ಜೀನ್‌ಗಳು ಸಿಕ್ಕವು. ಇವುಗಳಲ್ಲಿ ಕೆಲವೇ ಜೀನ್‌ಗಳು ಏರುಪೇರಾದರೂ ಎಣ್ಣೆಯ ಸ್ವರೂಪ ಬದಲಾಗಬಲ್ಲದು. ಹಾಗಾಗಿ ಕೀಮೋಟೈಪ್‌ಗೆ ಪ್ರಭೇದದ ಸ್ಥಾನ ಕೊಡುವ ರೂಢಿ ಈಗಿಲ್ಲ. ತೈಲ ವ್ಯಾಪಾರದಲ್ಲಿ ಮಾತ್ರ ಪ್ರಭೇದದ ಹೆಸರಿನ ಜೊತೆಗೆ ಅದನ್ನೂ ನಮೂದಿಸುತ್ತಾರೆ.