ಮದುವೆ ಮಾಡಿಸೋರು ಯಾರು? ಮಂತ್ರ ಮಾಂಗಲ್ಯದಿಂದ ಕಲಿಯೋ ಪಾಠ

ಮಂಡಿ ಮೊಹಲ್ಲಾದ ನಮ್ಮ ಮನೆಯ ಮಹಡಿ ಕೋಣೆಯಿಂದ ಮಾತಾಡ್ತಿದ್ದೀನಿ. ಮಧ್ಯೆ ಆಟೋ ಹಾರ್ನ್ ಕೇಳಿಸಿದ್ರೆ ಸಹಿಸಿಕೊಳ್ಳಿ. ಇವತ್ತಿನ ಪ್ರಶ್ನೆ ಒಂದೇ: ಮದುವೆ ಮಾಡಿಸೋ ವ್ಯಕ್ತಿಗೆ ನಿಜವಾಗ್ಲೂ ಏನು ಕೆಲಸ?

ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ನನ್ನ ಜೊತೆ ಬಿ.ಕಾಂ. ಓದಿದ ಗೆಳತಿಯೊಬ್ಬಳು ಬೇರೆ ಜಾತಿಯ ಹುಡುಗನನ್ನ ಮದುವೆ ಆಗ್ತಿದ್ದಾಳೆ. ಮಂತ್ರ ಮಾಂಗಲ್ಯ ಸಾಕು ಅಂತ ಇಬ್ಬರೂ ತೀರ್ಮಾನ ಮಾಡಿದ್ದಾರೆ, ಓದಿಸೋ ಜವಾಬ್ದಾರಿ ನನಗೆ ಕೊಟ್ಟಿದ್ದಾರೆ. ಅವಳ ಅಮ್ಮ ನನ್ನನ್ನ ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು: "ಪುರೋಹಿತರಿಲ್ಲದೆ ಮಾಡಿದ್ರೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದಾಗ ಇದು ಮದುವೇನೇ ಅಲ್ಲ ಅಂದುಬಿಟ್ರೆ?" ಆ ಭಯಕ್ಕೆ ನೇರ ಉತ್ತರ ಬೇಕು. ಅದಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಮೊದಲು ನಮ್ಮ ಬೀದಿಯಿಂದಲೇ ಶುರು ಮಾಡೋಣ. ನಮ್ಮ ಅಕ್ಕಪಕ್ಕದಲ್ಲಿ ನಿಕಾಹ್ ನಡೆಯುತ್ತೆ. ಕಾಮರ್ಸ್ ಓದಿದವನ ಕಣ್ಣಿಗೆ ಅದು ಒಂದು ಕರಾರು: ಪ್ರಸ್ತಾಪ, ಒಪ್ಪಿಗೆ, ಮೆಹರ್, ಸಾಕ್ಷಿಗಳು. ಖಾಜಿ ಸಾಹೇಬರು ಖುತ್ಬಾ ಓದ್ತಾರೆ, ಒಪ್ಪಿಗೆ ಕೇಳ್ತಾರೆ, ದಾಖಲೆ ಬರೆಯುತ್ತಾರೆ. ಆದ್ರೆ ಮದುವೆಗೆ ಖಾಜಿ ಹಾಜರಿರಲೇಬೇಕು ಅಂತ ಇಲ್ಲ ಅನ್ನೋದನ್ನ 1880ರ ಖಾಜಿಗಳ ಕಾಯ್ದೆಯೇ ಸ್ಪಷ್ಟವಾಗಿ ಹೇಳುತ್ತೆ. ಅಂದ್ರೆ ಮದುವೆ ಆಗೋದು ಆ ಇಬ್ಬರ ಒಪ್ಪಿಗೆಯಿಂದ, ನಡೆಸಿಕೊಡೋರಿಂದ ಅಲ್ಲ.

ಇದೇ ಮಾತನ್ನ ಕನ್ನಡದಲ್ಲಿ ಇನ್ನೊಂದು ದಾರಿಯಿಂದ ಹೇಳಿದವರು ಕುವೆಂಪು. ಇದೇ ಮೈಸೂರಿನ ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿದ್ದ ಕವಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನ 1966ರಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಅದರಲ್ಲಿ ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ದುಂದುವೆಚ್ಚ ಇಲ್ಲ. ವೇದ, ಉಪನಿಷತ್ತುಗಳಿಂದ ಆರಿಸಿದ ಮಂತ್ರಗಳನ್ನ ಅರ್ಥ ಸಮೇತ ಓದಲಾಗುತ್ತೆ. ಆಮೇಲೆ ವಧು ವರರು ತಾವೇ, ತಮಗೆ ಅರ್ಥ ಆಗೋ ಕನ್ನಡದಲ್ಲಿ ಪ್ರತಿಜ್ಞೆ ಮಾಡ್ತಾರೆ. ಜಾತಿ, ಮೂಢನಂಬಿಕೆಗಳಿಂದ ಬಿಡುಗಡೆ, ಗಂಡ ಹೆಂಡತಿಯ ಸಮಾನತೆ ಇದರ ತಿರುಳು. ಓದಿಸೋದು ಒಬ್ಬ ಹಿರಿಯರೋ ಸ್ನೇಹಿತರೋ ಆಗಬಹುದು.

ಇಲ್ಲಿ ಕುವೆಂಪು ಮಾಡಿದ ಬದಲಾವಣೆ ಗಮನಿಸಿ. ಮಂತ್ರವನ್ನ ಅವರು ಎಸೆಯಲಿಲ್ಲ. ಅರ್ಥ ಆಗದ ಮಂತ್ರವನ್ನ ಅರ್ಥ ಆಗೋ ಹಾಗೆ ಮಾಡಿದರು. ನಡುವೆ ನಿಂತವರ ಕೈಯಲ್ಲಿದ್ದ ಅಧಿಕಾರವನ್ನ ಮದುವೆ ಆಗೋರ ಬಾಯಿಗೆ ಕೊಟ್ಟರು. ಆಮೇಲೆ ಇದೇ ಮೈಸೂರಿನಲ್ಲಿ ಪ್ರೊ. ಕೆ. ರಾಮದಾಸ್ ಅಂಥವರು ಅಂತರ್ಜಾತಿ ಜೋಡಿಗಳ ಪರ ನಿಂತು ಮದುವೆ ಮಾಡಿಸಿದರು.

ಹೊರದೇಶಗಳಲ್ಲಿ ಈ ಕೆಲಸ ಒಂದು ವೃತ್ತಿಯೇ ಆಗಿದೆ. ಆಸ್ಟ್ರೇಲಿಯಾದಲ್ಲಿ ಅಟಾರ್ನಿ ಜನರಲ್ ಆಗಿದ್ದ ಲಯನೆಲ್ ಮರ್ಫಿ 1973ರಲ್ಲಿ ಚರ್ಚಿಗೂ ಸರ್ಕಾರಿ ಕಚೇರಿಗೂ ಸೇರದ ಸಾಮಾನ್ಯ ನಾಗರಿಕರನ್ನ ಮದುವೆ ನಡೆಸಿಕೊಡೋಕೆ ನೇಮಿಸಿದರು. ಅವರನ್ನ ಸೆಲೆಬ್ರಂಟ್ ಅಂತಾರೆ. ಜೋಡಿಯ ಜೊತೆ ಕೂತು, ಅವರ ಬದುಕಿಗೆ ಹೊಂದೋ ಹಾಗೆ ಮಾತು, ಪ್ರತಿಜ್ಞೆ ಸಿದ್ಧ ಮಾಡ್ತಾರೆ. ನಮ್ಮಲ್ಲಿ ಆ ಆಲೋಚನೆ ಏಳು ವರ್ಷ ಮೊದಲೇ ಬಂದಿತ್ತು. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅವರ ಸೆಲೆಬ್ರಂಟ್‌ಗೆ ಕಾನೂನಿನ ಅಧಿಕಾರ ಇದೆ. ನಮ್ಮಲ್ಲಿ ಮಂತ್ರ ಮಾಂಗಲ್ಯ ಓದಿಸೋರಿಗೆ ಅದಿಲ್ಲ.

ಅಮ್ಮನ ಭಯಕ್ಕೆ ಅರ್ಥ ಇರೋದು ಇಲ್ಲೇ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳನ್ನ ಕೇಳುತ್ತೆ. ತಮಿಳುನಾಡು 1967ರಲ್ಲಿ 7ಎ ಅಂತ ಸೇರಿಸಿ, ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಟ್ಟಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಇಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಈ ಕಾಯ್ದೆಯಡಿ ವಿಧಿಗಳೇ ನಡೆಯದಿದ್ರೆ ಬರೀ ನೋಂದಣಿ ಪತ್ರದಿಂದ ಮದುವೆ ಸಿಂಧು ಆಗಲ್ಲ ಅಂತ ಹೇಳಿತು.

ದಾರಿ ಇರೋದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ. ಅದರ 12ನೇ ಸೆಕ್ಷನ್ ಪ್ರಕಾರ ಜೋಡಿ ತಮಗೆ ಇಷ್ಟವಾದ ಯಾವ ರೀತಿಯಲ್ಲಾದ್ರೂ ಮದುವೆ ಆಗಬಹುದು. ಷರತ್ತು ಇಷ್ಟೇ: ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ನಿನ್ನನ್ನ ಕಾನೂನುಬದ್ಧ ಸಂಗಾತಿಯಾಗಿ ಒಪ್ಪಿದ್ದೀನಿ ಅನ್ನೋ ಮಾತನ್ನ ಇಬ್ಬರೂ ತಮಗೆ ತಿಳಿಯೋ ಭಾಷೆಯಲ್ಲಿ ಒಬ್ಬರಿಗೊಬ್ಬರು ಹೇಳಬೇಕು.

ಹಾಗಾದ್ರೆ ಓದಿಸೋರ ಅಸಲಿ ಕೆಲಸ ಮದುವೆ ದಿನದ್ದಲ್ಲ, ಅದಕ್ಕೆ ಮುಂಚಿನದು. ಇಬ್ಬರಲ್ಲಿ ಒಬ್ಬರಾದ್ರೂ ಕನಿಷ್ಠ 30 ದಿನದಿಂದ ಆ ಜಿಲ್ಲೆಯಲ್ಲಿ ವಾಸ ಇದ್ದಾರಾ ಅಂತ ನೋಡಬೇಕು. ನೋಟಿಸ್ ಕೊಡಿಸಬೇಕು. ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ ಬಿಟ್ಟು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ದಿನ ಗೊತ್ತು ಮಾಡಬೇಕು. ಆ ನೋಟಿಸ್ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ ಅಂಟಿಸಿರುತ್ತೆ. ಮನೆಯವರ ವಿರೋಧ ಇದ್ದ ಜೋಡಿಗೆ ಆ 30 ದಿನವೇ ಅಪಾಯದ ದಿನಗಳು. ಆಗ ಜೊತೆಗಿರೋದು, ಎರಡೂ ಮನೆಗೆ ಹೋಗಿ ಮಾತಾಡೋದು, ಪ್ರತಿಜ್ಞೆಯ ಒಂದೊಂದು ಸಾಲೂ ಇಬ್ಬರಿಗೂ ಒಪ್ಪಿಗೆಯಾ ಅಂತ ಮೊದಲೇ ಕೇಳೋದು, ಇದೆಲ್ಲ ಮಾಡಿಸೋರ ಹೊಣೆ.

ಈ ಹೊಣೆ ಹಳೆಯದು. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಆದಾಗ ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆ ಆಯ್ತು ಅಂತ ಶರಣ ಪರಂಪರೆ ಹೇಳುತ್ತೆ. ಮದುವೆಗೆ ಮುಂದೆ ನಿಂತವರು ಬೆಲೆ ಕೊಟ್ಟಿದ್ದನ್ನ ನಾಡು ಇವತ್ತಿಗೂ ಮರೆತಿಲ್ಲ.

ಆ ಅಮ್ಮನಿಗೆ ನಾನು ಕೊಟ್ಟ ಉತ್ತರ: "ಭಯ ಬೇಡಮ್ಮ, ಆದ್ರೆ ಮಂತ್ರ ಮಾಂಗಲ್ಯದ ಜೊತೆ ವಿಶೇಷ ವಿವಾಹ ಕಾಯ್ದೆಯ ನೋಟಿಸ್ ಇರಲೇಬೇಕು." ಅವರು ಯೋಚನೆ ಮಾಡಿ, ಮೂರನೇ ಸಾಕ್ಷಿಯಾಗಿ ತಾವೇ ಸಹಿ ಹಾಕಬಹುದಾ ಅಂತ ಕೇಳಿದ್ರು. ಖಂಡಿತ ಹಾಕಬಹುದು. ಕೇಳ್ತಿರೋ ನಿಮ್ಮನ್ನೂ ಯಾರಾದ್ರೂ ಓದಿಸಿಕೊಡಿ ಅಂತ ಕರೆದ್ರೆ ಒಪ್ಪಿಕೊಳ್ಳಿ. ಪುಸ್ತಕ ಕೈಗೆತ್ತಿಕೊಳ್ಳೋ ಮುಂಚೆ ನೋಟಿಸ್ ತಾರೀಕು ಕೇಳಿ. ಮುಂದಿನ ವಾರ ಸಿಗೋಣ.