ಕೊಂಬೆ ಇಳಿಸುವವರ ಕುಣಿಕೆ, ಕೊಕ್ಕೆಗಳ ಪೂರ್ವವೃತ್ತಾಂತ

ಮರವನ್ನು ಬುಡದಲ್ಲಿ ಕಡಿದು ನೆಲಕ್ಕೆ ಕೆಡಹುವುದು ಅತಿ ಪ್ರಾಚೀನವಾದ ಕರ್ಮ. ಮನೆಯ ಮಾಡಿನ ಮೇಲೆ ಬಾಗಿದ ಮರವನ್ನು ತುದಿಯಿಂದ ತುಂಡುತುಂಡಾಗಿ ಕೊಯ್ದು, ಒಂದೊಂದನ್ನೂ ಹಗ್ಗದಲ್ಲಿ ಇಳಿಸುವುದಾದರೋ ಬೇರೆಯೇ ಒಂದು ವಿದ್ಯೆ. ಇದರ ಸಾಧನಗಳಲ್ಲಿ ಮುಖ್ಯವಾದವು ಎರಡು: ಮರವನ್ನು ಸುತ್ತಿ ಹಿಡಿಯುವ ಕುಣಿಕೆ, ಅಂದರೆ ಸ್ಲಿಂಗು, ಹಗ್ಗವನ್ನು ಅದಕ್ಕೆ ಕೂಡಿಸುವ, ತಾನಾಗಿ ಬಾಯಿ ಮುಚ್ಚುವ ಲೋಹದ ಕೊಕ್ಕೆ, ಅಂದರೆ ಕ್ಯಾರಬೈನರು. ಇವೆರಡರಲ್ಲಿ ಒಂದೂ ಮರದವರಿಗಾಗಿ ಹುಟ್ಟಿದುದಲ್ಲ.

ಸ್ಲಿಂಗು ಹಡಗಿನವರ ಸೊತ್ತು. ಪೀಪಾಯಿ ಮೂಟೆಗಳನ್ನು ಎತ್ತುವುದಕ್ಕೆ ಅದು ಬಳಕೆಯಾಗಿದ್ದಿತು. ಸಂಸ್ಕೃತದಲ್ಲಿ ಶಿಕ್ಯವೆಂದೂ ಕನ್ನಡದಲ್ಲಿ ನೆಲುವೆಂದೂ ಹೆಸರಾದ ಅಡಿಗೆಮನೆಯ ತೂಗುಹಗ್ಗವೂ ಅದೇ ಜಾತಿಯದು. ಕೊಕ್ಕೆಯ ಕಥೆ ಇನ್ನೂ ವಿಚಿತ್ರವಾದುದು. ಯೂರೋಪಿನ ರಾವುತರು ಕಾರ್ಬೈನ್ ಎಂಬ ಗಿಡ್ಡ ಬಂದೂಕನ್ನು ಹೆಗಲಪಟ್ಟಿಗೆ ತೂಗುಹಾಕುತ್ತಿದ್ದ ಕೊಕ್ಕೆಗೆ ಜರ್ಮನರು ‘ಕರಾಬಿನರ್‌ಹಾಕನ್’ ಎಂದರು. ಹಾಕನ್ ಎಂದರೆ ಕೊಕ್ಕೆ. ಕಾಲಕ್ರಮದಲ್ಲಿ ಕೊಕ್ಕೆಯೆಂಬ ಪದವೇ ಉದುರಿ, ಬಂದೂಕಿನ ಹೆಸರು ಮಾತ್ರ ಕೊಕ್ಕೆಗೆ ಉಳಿಯಿತು! ಮ್ಯೂನಿಕ್ ನಗರದ ಅಗ್ನಿಶಾಮಕರ ನಡುಪಟ್ಟಿಯಲ್ಲಿ ಇಂತಹ ಕೊಕ್ಕೆಯನ್ನು ಕಂಡು, ಆಟೋ ಹೆರ್ಟ್ಸೋಗ್ ಎಂಬ ಪರ್ವತಾರೋಹಿ 1910ರ ಸುಮಾರಿಗೆ ಅದನ್ನು ಬಂಡೆ ಹತ್ತುವುದಕ್ಕೆ ಅಳವಡಿಸಿದನೆಂದು ಹೇಳುವರು.

ಇತ್ತ ಅಮೇರಿಕದಲ್ಲಿ, ಓಹಾಯೊ ಸಂಸ್ಥಾನದ ಕೆಂಟ್ ಪಟ್ಟಣದಲ್ಲಿ ನೆಲಸಿದ್ದ ಆಂಗ್ಲೇಯ ಜಾನ್ ಡೇವಿಯು 1901ರಲ್ಲಿ ‘ವೃಕ್ಷವೈದ್ಯ’ ಎಂಬರ್ಥದ ಹೆಸರುಳ್ಳ ಗ್ರಂಥವನ್ನು ಪ್ರಕಟಿಸಿ, ಮರದ ಆರೈಕೆಯನ್ನು ಒಂದು ವೃತ್ತಿಯಾಗಿ ನಿಲ್ಲಿಸಿದನು. ಆ ಕಾಲದವರು ನಚ್ಚಿದ್ದುದು ಫಿಲಿಪೀನ್ ದ್ವೀಪಗಳ ನಾರಿನ ಮನಿಲಾ ಹಗ್ಗವನ್ನು. 1942ರಲ್ಲಿ ಆ ದ್ವೀಪಗಳು ಜಪಾನೀಯರ ವಶವಾಗಲು ನಾರಿನ ಬರವುಂಟಾಯಿತು. ಕರೋಥರ್ಸ್ ಎಂಬ ರಸಾಯನಜ್ಞನು 1935ರಲ್ಲಿ ನಿರ್ಮಿಸಿದ್ದ ನೈಲಾನು ಆ ಸ್ಥಾನಕ್ಕೆ ಬಂದಿತು. ಯುದ್ಧಾನಂತರ ನೈಲಾನಿನ ಪಟ್ಟಿಗಳೂ ಹಗುರವಾದ ಅಲ್ಯೂಮಿನಿಯಂ ಕೊಕ್ಕೆಗಳೂ ಪರ್ವತಾರೋಹಿಗಳಿಂದ ಮರದವರ ಕೈಗೆ ದಾಟಿದವು.

ಎರವಲು ಸಾಧನವು ಕೈಗೆ ಬಂದಷ್ಟು ಬೇಗ ಅದರ ಮಿತಿಯ ಅರಿವು ಬರುವುದಿಲ್ಲ. ಬಂಡೆಯ ಕೊಕ್ಕೆಯನ್ನು ಮನುಷ್ಯನ ಭಾರಕ್ಕಾಗಿ ಎಣಿಸಿದೆ. ಯೂರೋಪಿನ ಪ್ರಮಾಣದಂತೆ ಅದು ಉದ್ದಕ್ಕೆ ಎಳೆದರೆ ಸುಮಾರು 2000 ಕಿಲೋಗ್ರಾಂ ಭಾರವನ್ನು ತಡೆಯಬೇಕು. ಅಡ್ಡಕ್ಕೆ ಎಳೆದರೆ ಸುಮಾರು 700 ಮಾತ್ರ. ಮರದ ತುಂಡಿನ ಲೆಕ್ಕವನ್ನು ನೋಡಬೇಕು. 100 ಕಿಲೋಗ್ರಾಂ ತೂಕದ ತುಂಡು ಒಂದು ಮೀಟರು ಬಿದ್ದು, ಮುಂದಿನ ಕಾಲು ಮೀಟರಿನಲ್ಲಿ ನಿಂತಿತೆನ್ನೋಣ. ಆಗ ಹಗ್ಗದ ಸರಾಸರಿ ಸೆಳೆತವೇ 500 ಕಿಲೋಗ್ರಾಂ ಭಾರಕ್ಕೆ ಸಮ. ಕ್ಷಣಮಾತ್ರದ ಗರಿಷ್ಠವು ಇನ್ನೂ ಅಧಿಕ. ಹಗ್ಗವು ರಾಟೆಯ ಮೇಲೆ ಹಾಯ್ದು ಕೆಳಗಿಳಿಯುವುದರಿಂದ, ರಾಟೆಯನ್ನು ಹಿಡಿದ ಸ್ಲಿಂಗಿನ ಮೇಲೆ ಇದರ ಇಮ್ಮಡಿಯೇ ಬೀಳುವುದು. ಆ ಕ್ಷಣದಲ್ಲಿ ಕೊಕ್ಕೆಯು ತೊಗಟೆಗೆ ಒತ್ತಿ ಅಡ್ಡ ತಿರುಗಿದ್ದರೆ ಗತಿಯೇನು? ಹಗ್ಗ ಹಿಡಿದವನು ನಿಂತಿರುವುದು ಕೆಳಗೆ. ಆದಕಾರಣವೇ ಜಾಣರು ಬೀಳುವ ದಿಮ್ಮಿಗೆ ಕೊಕ್ಕೆಯನ್ನು ನೆಚ್ಚದೆ, ನಾವಿಕರ ಹಳೆಯ ಬೋಲೈನ್ ಗಂಟನ್ನು ಸರಿಯುವ ಕುಣಿಕೆಯಾಗಿಸಿ ಕಟ್ಟುವರು. ಕೊಕ್ಕೆಯನ್ನು ಹಗುರ ಕೊಂಬೆಗಳಿಗೂ ತಮ್ಮ ದೇಹಕ್ಕೂ ಮೀಸಲಿಡುವರು. ಇಳಿಸುವ ಹಗ್ಗವಾಗಿಯೂ ಬಹಳ ಹಿಗ್ಗುವ ನೈಲಾನಿಗಿಂತ, 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ನೂಲಿನದೇ ಹೆಚ್ಚು ರೂಢಿಗೆ ಬಂದಿದೆ.

ಈ ವಿವೇಕವು ಬಹುಕಾಲ ಬಾಯಿಮಾತಿನಲ್ಲೇ ಇದ್ದಿತು. 1968ರಲ್ಲಿ ಮರದ ಕೆಲಸದಲ್ಲಿ ಮಗನನ್ನು ಕಳೆದುಕೊಂಡ ಅಮೇರಿಕದ ಒಬ್ಬ ತಾಯಿಯು ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದಳು. ತರುವಾಯ ಸಮಿತಿಯೊಂದು ಕೂಡಿ, 1972ರಲ್ಲಿ ಆ ದೇಶದ ವೃಕ್ಷಕರ್ಮದ ಮೊದಲ ಸುರಕ್ಷಾನಿಯಮಾವಳಿಯು ಹೊರಬಂದಿತು. ಅದರ ಈಚಿನ ಆವೃತ್ತಿಗಳ ಪ್ರಕಾರ, ಮರ ಹತ್ತುವವನ ಕೊಕ್ಕೆಯು ತಾನಾಗಿ ಮುಚ್ಚಿಕೊಂಡು ತಾನಾಗಿಯೇ ಬೀಗಬೀಳತಕ್ಕದ್ದು. ಕೈಯಿಂದ ಒಂದಾದಮೇಲೊಂದರಂತೆ ಕನಿಷ್ಠ ಎರಡು ಬಗೆಯ ಚಲನೆಗಳನ್ನು ಬೇಕೆಂದು ಮಾಡಿದ ಹೊರತು ಅದರ ಬಾಯಿ ತೆರೆಯಕೂಡದು.